ಮನೆ ಒಳಗೆ ನೆಟ್‌ವರ್ಕ್ ಸಿಗಲ್ವಾ? ಬೂಸ್ಟರ್‌ಗೆ ದುಡ್ಡು ಹಾಕೋ ಮುಂಚೆ ಇಷ್ಟು ಮಾಡಿ ನೋಡಿ

ಮಲೆನಾಡು ಕಡೆ ಯಾರ ಮನೆಗೆ ಹೋದ್ರೂ ಫೋನಿಗೆ ಅಂತಾನೇ ಒಂದು ಜಾಗ ಇರತ್ತೆ. ಜಗಲಿ ಕಿಟಕಿ ಮೂಲೆ, ಮೆತ್ತಿನ (ಮಹಡಿಯ) ಮೆಟ್ಟಿಲು, ಅಂಗಳದ ತುಳಸಿ ಕಟ್ಟೆ ಪಕ್ಕ, ಕೆಲವು ಮನೇಲಿ ಗೋಡೆಗೆ ಮೊಳೆ ಹೊಡೆದು ಪ್ಲಾಸ್ಟಿಕ್ ಕವರಲ್ಲಿ ಫೋನ್ ನೇತಾಕಿರ್ತಾರೆ, ರಿಂಗ್ ಆದ್ರೆ ಅಡಿಗೆ ಮನೆಯಿಂದ ಓಡಿ ಬರ್ಬೇಕು, ಬರೋಷ್ಟರಲ್ಲಿ ಕಟ್ ಆಗಿರತ್ತೆ. ಮಕ್ಕಳು ಬೆಂಗಳೂರಲ್ಲಿ ಕೂತು ನಾಟ್ ರೀಚಬಲ್ ಅಂತ ಕೇಳಿ ಕೇಳಿ ಗಾಬರಿ ಆಗ್ತಾರೆ. ಬ್ಯಾಂಕಿನ ಒಟಿಪಿ ಬರೋ ಹೊತ್ತಿಗೆ ಟೈಮ್ ಮುಗಿದಿರತ್ತೆ. ರಾತ್ರಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಮಳೆಯಲ್ಲಿ ಟಾರ್ಚ್ ಹಿಡ್ಕೊಂಡು ಗುಡ್ಡ ಹತ್ತಬೇಕು. 2021ರಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ಹುಡುಗಿ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳ್ತಿದ್ರೆ ಅವಳ ಅಪ್ಪ ಪಕ್ಕದಲ್ಲಿ ಕೊಡೆ ಹಿಡ್ಕೊಂಡು ನಿಂತಿದ್ದ ಫೋಟೋ ನಾವೆಲ್ಲ ನೋಡಿದೀವಿ, ಆಮೇಲೂ ಎಷ್ಟೋ ಊರಲ್ಲಿ ಪರಿಸ್ಥಿತಿ ಅಲ್ಲೇ ಇದೆ.

ನಮ್ಮನೆ, ನೆಂಟರ ಮನೆ, ಪಕ್ಕದ ಕೇರಿ ಅಂತ ಒಳಗೆ ನೆಟ್‌ವರ್ಕ್ ತರೋ ಕೆಲಸ ಮಾಡ್ತಾ ಬಂದು ನಂಗೆ ಖಾತ್ರಿ ಆಗಿರೋ ವಿಷಯ ಒಂದೇ. ಟವರ್ ಸಿಗ್ನಲ್‌ನ ಗೋಡೆ ದಾಟಿಸಿ ಒಳಗೆ ತರೋಕೆ ಒದ್ದಾಡ್ಬೇಡಿ, ಅದು ಎಲ್ಲಿ ಸಿಗತ್ತೋ ಅಲ್ಲೇ ಹಿಡೀರಿ, ಅಲ್ಲಿಂದ ವೈಫೈ ಮಾಡಿ ಒಳಗೆ ತನ್ನಿ. ಕಾಲ್ ಕೂಡ ಆ ವೈಫೈ ಮೇಲೇ ಹೋಗತ್ತೆ, ನಿಮ್ಮ ನಂಬರಿಗೇ ಬರತ್ತೆ. ಇದು ಗೊತ್ತಿಲ್ದೇ ಜನ ಸಾವಿರಾರು ರೂಪಾಯಿ ಬೂಸ್ಟರ್‌ಗೆ, ಅಂದ್ರೆ ಟವರ್ ಸಿಗ್ನಲ್ ದೊಡ್ಡದು ಮಾಡೋ ಡಬ್ಬಿಗೆ ಸುರೀತಾರೆ, ಅದು ಕಾನೂನಿಗೂ ವಿರುದ್ಧ, ಆ ವಿಷಯ ಮುಂದೆ ಹೇಳ್ತೀನಿ.

ಮೊದಲು ಅಳತೆ ಮಾಡಿ

ಫೋನಿನ ಮೇಲೆ ಕಾಣೋ ಕಡ್ಡಿಗಳನ್ನ ನಂಬಬೇಡಿ. ಎಷ್ಟು ಸಿಗ್ನಲ್ ಇದ್ರೆ ಎಷ್ಟು ಕಡ್ಡಿ ತೋರಿಸ್ಬೇಕು ಅನ್ನೋದು ಒಂದೊಂದು ಫೋನ್ ಕಂಪನಿ ಒಂದೊಂದು ಥರ ಇಟ್ಕೊಂಡಿದೆ, ಒಂದೇ ಜಾಗದಲ್ಲಿ ಒಂದು ಫೋನ್ ಮೂರು ಕಡ್ಡಿ ತೋರಿಸಿದ್ರೆ ಇನ್ನೊಂದು ಒಂದು ತೋರಿಸ್ಬಹುದು. ನಿಜವಾದ ಅಳತೆ ಡಿಬಿಎಂ ಅನ್ನೋ ನಂಬರು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಅದ್ರೊಳಗೆ ಸಿಮ್ ಸ್ಟೇಟಸ್ ಒಳಗೆ ಹೋದ್ರೆ ಸಿಗ್ನಲ್ ಸ್ಟ್ರೆಂತ್ ಅಂತ ಇರತ್ತೆ, ಸಿಗ್ಲಿಲ್ಲ ಅಂದ್ರೆ ನೆಟ್‌ವರ್ಕ್ ಸೆಲ್ ಇನ್ಫೋ ಅನ್ನೋ ಆಪ್ ಹಾಕ್ಕೊಳ್ಳಿ, ಐಫೋನ್ ಆದ್ರೆ *3001#12345#* ಅಂತ ಡಯಲ್ ಮಾಡಿದ್ರೆ ಫೀಲ್ಡ್ ಟೆಸ್ಟ್ ತೆರ್ಕೊಳ್ಳತ್ತೆ.

ನಂಬರ್ ಮೈನಸ್‌ನಲ್ಲಿ ಇರತ್ತೆ, ಸೊನ್ನೆಗೆ ಹತ್ರ ಆದಷ್ಟೂ ಒಳ್ಳೇದು. 4ಜಿಯಲ್ಲಿ -90ಕ್ಕಿಂತ ಮೇಲೆ ಇದ್ರೆ ಆರಾಮು, -105 ತನಕ ನಡೆಯತ್ತೆ, -110 ದಾಟಿದ್ರೆ ಮಾತು ತುಂಡು ತುಂಡಾಗೋಕೆ ಶುರು, -120 ಹತ್ರ ಬಂದ್ರೆ ಫೋನ್ ಬರೀ ಹುಡುಕ್ತಾ ಇರತ್ತೆ. ಇಲ್ಲೊಂದು ಲೆಕ್ಕ ನೆನಪಿಟ್ಕೊಳ್ಳಿ, ಈ ನಂಬರ್ ಹತ್ತು ಕೆಳಗಿಳೀತು ಅಂದ್ರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಿಗೆ ಇಳೀತು ಅಂತ. ಅಂಗಳದಲ್ಲಿ -95 ಇದ್ದಿದ್ದು ದೇವರ ಮನೇಲಿ -115 ಆದ್ರೆ ನೂರರಲ್ಲಿ ಒಂದು ಪಾಲು ಮಾತ್ರ ಒಳಗೆ ಬಂದಿದೆ.

ಈಗ ಫೋನ್ ಹಿಡ್ಕೊಂಡು ಮನೆ ಪೂರ್ತಿ ಓಡಾಡಿ. ಅಂಗಳ, ಜಗಲಿ, ಮೆತ್ತು, ಅಟ್ಟ, ಟೆರೇಸ್, ಕೊಟ್ಟಿಗೆ ಮಾಡು, ಪ್ರತಿ ಕಿಟಕಿ. ಪ್ರತಿ ಜಾಗದಲ್ಲಿ ಅರ್ಧ ನಿಮಿಷ ನಿಲ್ಲಿ, ನಂಬರ್ ನಿಧಾನವಾಗಿ ಬದಲಾಗತ್ತೆ. ಒಂದು ಗೇಣು ಆಚೆ ಈಚೆ ಮಾಡಿದ್ರೂ ವ್ಯತ್ಯಾಸ ಬರೋದು ಸುಳ್ಳಲ್ಲ, ಗೋಡೆ ಗುಡ್ಡಕ್ಕೆ ಬಡಿದು ಬರೋ ಅಲೆಗಳು ಒಂದು ಕಡೆ ಸೇರ್ಕೊಳ್ಳತ್ತೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸತ್ತೆ, 1800 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್ ಅಷ್ಟೇ. ಮನೇಲಿ ಇರೋ ಎಲ್ಲಾ ಕಂಪನಿ ಸಿಮ್‌ಗಳನ್ನೂ ಹೀಗೆ ಅಳತೆ ಮಾಡಿ ಒಂದು ಪೇಪರಲ್ಲಿ ಬರ್ಕೊಳ್ಳಿ. ಈ ಪೇಪರ್ ಇಲ್ದೇ ಮುಂದಿನ ಯಾವ್ದಕ್ಕೂ ದುಡ್ಡು ಹಾಕ್ಬೇಡಿ.

ಹೊರಗೆ ಚೆನ್ನಾಗಿದ್ದು ಒಳಗೆ ಮಾತ್ರ ಇಲ್ಲ ಅಂದ್ರೆ ತಪ್ಪು ನಿಮ್ಮ ಗೋಡೆದು. ಹೊರಗೂ ಇಲ್ಲ, ಗುಡ್ಡದ ಮೇಲೆ ಮಾತ್ರ ಅಂದ್ರೆ ಅದು ಬೇರೆ ಕಥೆ. ಇನ್ನು ಕರೆಂಟ್ ಹೋಗಿ ಒಂದೆರಡು ಗಂಟೆ ಆದ್ಮೇಲೆ ಸಿಗ್ನಲ್ ಪೂರ್ತಿ ಮಾಯ ಆಗತ್ತೆ ಅಂದ್ರೆ ಟವರಿನ ಬ್ಯಾಟರಿ ಖಾಲಿ ಆಗಿದೆ ಅಂತ ಅರ್ಥ, ಅದಕ್ಕೆ ಮನೇಲಿ ಏನು ಆಂಟೆನಾ ಹಾಕಿದ್ರೂ ಉಪಯೋಗ ಇಲ್ಲ. ಈ ಮೂರನ್ನ ಬೇರೆ ಬೇರೆ ಮಾಡಿ ನೋಡೋದು ಬಹಳ ಮುಖ್ಯ, ಯಾಕಂದ್ರೆ ಮೂರಕ್ಕೂ ಮದ್ದು ಬೇರೆ.

ಮನೆಯೇ ಸಿಗ್ನಲ್ ತಿನ್ನೋದು ಹೇಗೆ

ಹಳೇ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ ಇರತ್ತೆ, ಮಳೆಗಾಲದಲ್ಲಿ ತೇವ ಹೀರ್ಕೊಂಡು ಇನ್ನೂ ಕೆಟ್ಟದಾಗತ್ತೆ, ಆದ್ರೆ ಹಂಚಿನ ಮಾಡು ಇರೋದ್ರಿಂದ ಮೇಲಿಂದ ಸ್ವಲ್ಪ ಇಳಿಯತ್ತೆ, ಅದಕ್ಕೇ ಹಳೇ ಮನೆಗಳಲ್ಲಿ ಮೆತ್ತಿನಲ್ಲಿ ಸಿಗ್ನಲ್ ಸಿಗೋದು. ಹೊಸ ಮನೆ ಕಟ್ಟಿದ್ಮೇಲೆ ಸಿಗ್ನಲ್ ಹೋಯ್ತು ಅಂತ ತುಂಬಾ ಜನ ಹೇಳ್ತಾರೆ, ಅದು ನಿಜ, ಆರ್‌ಸಿಸಿ ಸ್ಲ್ಯಾಬಿನೊಳಗೆ ಕಬ್ಬಿಣದ ಬಲೆ ಇರತ್ತೆ, ಅದೂ ಸಾಲ್ದು ಅನ್ನೋ ಹಾಗೆ, ಸೋರತ್ತೆ ಅಂತ ಟೆರೇಸ್ ಮೇಲೆ ತಗಡಿನ ಶೀಟ್ ಹೊದೆಸ್ತೀವಿ, ಟವರ್ ಇರೋದು ಗುಡ್ಡದ ಮೇಲೆ ಮನೆ ಇರೋದು ಕೆಳಗೆ ತೋಟದ ಪಕ್ಕ, ಮೇಲಿಂದ ಬರೋ ದಾರಿ ಪೂರ್ತಿ ಬಂದ್. ಮನೆ ಹಿಂದೆ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಇದ್ರೆ ಆ ದಿಕ್ಕಂತೂ ಮುಗೀತು.

ಯಾರೂ ಯೋಚನೆ ಮಾಡದ ಇನ್ನೊಂದು ವಿಷಯ ಸೊಳ್ಳೆ ಪರದೆ. ಕಿಟಕಿಗೆ ಸ್ಟೀಲ್ ಅಥವಾ ಅಲ್ಯೂಮಿನಿಯಂ ಜಾಲರಿ ಹಾಕಿಸಿದ್ರೆ ಅದರ ತೂತು ತುಂಬಾ ಸಣ್ಣದಾಗಿರೋದ್ರಿಂದ ರೇಡಿಯೋ ಅಲೆಗೆ ಅದು ಹೆಚ್ಚು ಕಮ್ಮಿ ಗೋಡೆನೇ. ನೈಲಾನ್ ಅಥವಾ ಫೈಬರ್ ಜಾಲರಿಗೆ ಈ ತೊಂದ್ರೆ ಇಲ್ಲ. ಟವರ್ ಇರೋ ದಿಕ್ಕಿನ ಒಂದು ಕಿಟಕಿದಾದ್ರೂ ಬದಲಾಯಿಸಿ ನೋಡಿ, ಖರ್ಚು ಕಮ್ಮಿ. ಪೇಟೆ ಕಡೆ ಬಿಸಿಲು ತಡೆಯೋ ಕನ್ನಡಿ ಥರದ ಗಾಜು, ಅದಕ್ಕಂಟಿಸೋ ಲೋಹದ ಫಿಲ್ಮ್, ಇವೂ ಹಾಗೇನೇ.

ದುಡ್ಡಿಲ್ದೇ ಮಾಡಬಹುದಾದ್ದು

ಕಡಿಮೆ ಫ್ರೀಕ್ವೆನ್ಸಿ ಅಲೆ ಗೋಡೆ, ಮರ ದಾಟಿ ದೂರ ಬರತ್ತೆ, ಹೆಚ್ಚಿನದು ಬೇಗ ಸೋಲತ್ತೆ. 700, 850, 900 ಮೆಗಾಹರ್ಟ್ಸ್ ಹಳ್ಳಿಗೆ ಒಳ್ಳೇದು, 1800, 2100 ಮಧ್ಯಮ, 2300, 2500 ಹತ್ರ ಇದ್ರೆ ಮಾತ್ರ, 5ಜಿಯ 3300ರ ಆಸುಪಾಸಿನದು ಸ್ಪೀಡ್ ಭರ್ಜರಿ ಕೊಡತ್ತೆ ಆದ್ರೆ ಗೋಡೆ ಕಂಡ್ರೆ ಆಗಲ್ಲ. ಹಾಗಾಗಿ ಒಳಗೆ 5ಜಿ ಒಂದು ಕಡ್ಡಿ ಬಂದು ಹೋಗಿ ಮಾಡ್ತಿದ್ರೆ ನೆಟ್‌ವರ್ಕ್ ಮೋಡ್‌ನಲ್ಲಿ 4ಜಿ ಅಂತ ಇಟ್ಬಿಡಿ, ಕಾಲ್ ಕಟ್ ಆಗದೇ ನಿಲ್ಲತ್ತೆ, ಬ್ಯಾಟರಿನೂ ಉಳಿಯತ್ತೆ. ವೋಲ್ಟೆ (VoLTE, 4ಜಿ ಮೇಲೇ ಮಾತಾಡೋ ವ್ಯವಸ್ಥೆ) ಆನ್ ಇದೆಯಾ ನೋಡಿ, ಜಿಯೋದಲ್ಲಿ ಅದಿಲ್ದೇ ಕಾಲೇ ಹೋಗಲ್ಲ.

ಬಿಎಸ್ಸೆನ್ನೆಲ್ ಇಟ್ಕೊಂಡಿರೋರು ಹಳೇ ಸಿಮ್ ಇದ್ರೆ 4ಜಿ ಸಿಮ್‌ಗೆ ಬದಲಾಯಿಸ್ಕೊಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ಅವರ ಸ್ವದೇಶಿ 4ಜಿ ದೇಶಕ್ಕೆಲ್ಲಾ ಅಧಿಕೃತವಾಗಿ ಶುರು ಆಯ್ತು, ಅದು 700 ಮತ್ತು 2100ರಲ್ಲಿ ನಡೆಯತ್ತೆ, ನಿಮ್ಮ ಫೋನ್ ಬ್ಯಾಂಡ್ 28 (ಆ 700ರ ಅಲೆಗೆ ಇಟ್ಟಿರೋ ನಂಬರ್) ಹಿಡಿಯತ್ತಾ ಅಂತ ಮಾಡೆಲ್ ಹೆಸರು ಹಾಕಿ ಹುಡುಕಿ ನೋಡಿ. ಹಿಡಿಯದ ಫೋನ್ ಆದ್ರೆ ಪಕ್ಕದವರಿಗೆ ಸಿಗ್ನಲ್ ಇದ್ದೂ ನಿಮಗೆ ಇರಲ್ಲ. ಇನ್ನೊಂದು, 2025ರ ಜನವರಿಯಿಂದ ಸರ್ಕಾರದ ದುಡ್ಡಲ್ಲಿ ಹಳ್ಳಿಗಳಿಗೆ ಹಾಕಿದ ಟವರ್‌ಗಳಲ್ಲಿ ಒಂದು ಕಂಪನಿ ಟವರ್ ಇದ್ರೆ ಬೇರೆ ಕಂಪನಿ ಸಿಮ್ಮಿಗೂ 4ಜಿ ಸಿಗೋ ವ್ಯವಸ್ಥೆ ಶುರು ಮಾಡಿದಾರೆ, ನಿಮ್ಮೂರ ಟವರ್ ಆ ಪಟ್ಟಿಯಲ್ಲಿ ಇದ್ರೆ ಲಾಭ, ಅದಕ್ಕೆ ನೆಟ್‌ವರ್ಕ್ ಸೆಲೆಕ್ಷನ್ ಆಟೋಮ್ಯಾಟಿಕ್ ಇರಲಿ, ರೋಮಿಂಗ್ ಆಫ್ ಮಾಡಿಟ್ಟಿದ್ರೆ ಆನ್ ಮಾಡಿ.

ಪೇಪರಲ್ಲಿ ಬರ್ಕೊಂಡ ಅಳತೆಯಲ್ಲಿ ಬೇರೆ ಕಂಪನಿ ಒಳಗೇ -95 ಕೊಡ್ತಿದೆ ಅಂತ ಕಂಡ್ರೆ ಇಷ್ಟೆಲ್ಲ ಓದೋದೇ ಬೇಡ, ಪೋರ್ಟ್ ಮಾಡ್ಸಿ. ಪೋರ್ಟ್ ಅಂತ ಇಂಗ್ಲಿಷಲ್ಲಿ ಬರೆದು ಒಂದು ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳ್ಸಿದ್ರೆ ಕೋಡ್ ಬರತ್ತೆ, ನಮ್ಮ ಕಡೆ ಅದು 4 ದಿನ ಇರತ್ತೆ, ಅಷ್ಟರೊಳಗೆ ಅಂಗಡಿಗೆ ಹೋಗಿ. ಈಗಿರೋ ಕಂಪನಿಯಲ್ಲಿ 90 ದಿನ ಆಗಿರ್ಬೇಕು ಅಷ್ಟೇ. ನಂಬರ್ ಬದಲಾಗಲ್ಲ.

ವೈಫೈ ಕಾಲಿಂಗ್, ಇದೇ ಮುಖ್ಯ

ಇದು ವಾಟ್ಸಾಪ್ ಕಾಲ್ ಥರ ಅಲ್ಲ. ನಿಮ್ಮ ಮಾಮೂಲಿ ನಂಬರಿಗೆ ಮಾಮೂಲಿ ಕಾಲ್ ಬರತ್ತೆ, ಟವರ್ ಬದ್ಲು ಮನೆ ಇಂಟರ್ನೆಟ್ ಮೂಲಕ ಕಂಪನಿಗೆ ತಲುಪತ್ತೆ, ಆ ಕಡೆಯವ್ರ ಹತ್ರ ಕೀಪ್ಯಾಡ್ ಫೋನ್ ಇದ್ರೂ ತೊಂದ್ರೆ ಇಲ್ಲ. ಬೇರೆ ಚಾರ್ಜ್ ಇಲ್ಲ, ನಿಮ್ಮ ಪ್ಲಾನಿನ ಕಾಲ್ ಲೆಕ್ಕದಲ್ಲೇ ಹೋಗತ್ತೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದ್ರು, ವಿಐ (ವೊಡಾಫೋನ್ ಐಡಿಯಾ) ಆಮೇಲೆ ತಂತು, ಬಿಎಸ್ಸೆನ್ನೆಲ್‌ನವ್ರೂ ತಡವಾಗಿ ಆದ್ರೂ ಶುರು ಮಾಡಿದಾರೆ. ಇಷ್ಟು ವರ್ಷ ಆಗಿದ್ರೂ ಊರಲ್ಲಿ ಮನೇಲಿ ಫೈಬರ್ ಇಂಟರ್ನೆಟ್ ಇದ್ದು, ಕೈಯಲ್ಲಿ ಒಳ್ಳೇ ಫೋನ್ ಇದ್ದು, ಆ ಒಂದು ಬಟನ್ ಒತ್ತದೇ ಅಂಗಳಕ್ಕೆ ಓಡೋರು ಎಷ್ಟೋ ಜನ ಇದಾರೆ, ನೋಡಿದ್ರೆ ಬೇಜಾರಾಗತ್ತೆ.

ಸೆಟ್ಟಿಂಗ್ಸ್ ತೆಗೆದು ಮೇಲಿನ ಸರ್ಚಲ್ಲಿ ವೈಫೈ ಕಾಲಿಂಗ್ ಅಂತ ಹುಡ್ಕಿ, ಅದು ಸುಲಭ, ಯಾಕಂದ್ರೆ ಪ್ರತಿ ಫೋನಲ್ಲೂ ಬೇರೆ ಬೇರೆ ಕಡೆ ಅಡಗಿಸಿಟ್ಟಿದಾರೆ. ಎರಡು ಸಿಮ್ ಇದ್ರೆ ಎರಡಕ್ಕೂ ಬೇರೆ ಬೇರೆಯಾಗಿ ಆನ್ ಮಾಡ್ಬೇಕು. ಅದರೊಳಗೆ ಪ್ರಿಫರೆನ್ಸ್ ಅಂತ ಇದ್ರೆ ವೈಫೈ ಮೊದಲು ಅಂತ ಆರಿಸಿ, ಇದನ್ನ ಮರೀಬೇಡಿ, ಇಲ್ಲಾಂದ್ರೆ ಫೋನ್ ಆ ಸಾಯ್ತಾ ಇರೋ ಒಂದು ಕಡ್ಡಿ ಟವರನ್ನೇ ಹಿಡ್ಕೊಂಡು ಕೂತಿರತ್ತೆ, ವೈಫೈ ಪಕ್ಕದಲ್ಲೇ ಇದ್ರೂ ಆ ಕಡೆ ತಿರುಗಿ ನೋಡಲ್ಲ. ಆನ್ ಆದ್ಮೇಲೆ ಮೇಲ್ಗಡೆ ಫೋನ್ ಚಿತ್ರದ ಪಕ್ಕ ವೈಫೈ ಗುರುತು ಬರತ್ತೆ, ಐಫೋನಲ್ಲಿ ಕಂಪನಿ ಹೆಸರಿನ ಪಕ್ಕ ವೈಫೈ ಅಂತ ಬರತ್ತೆ.

ಸರಿಯಾಗಿ ಆಗ್ತಿದೆಯಾ ಅಂತ ನೋಡೋಕೆ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ, ಯಾರಿಗಾದ್ರೂ ಮಾಮೂಲಿ ಕಾಲ್ ಮಾಡಿ. ಹೋಯ್ತು ಅಂದ್ರೆ ಕೆಲಸ ಆಯ್ತು. ಮನೇಲಿ ಸಿಗ್ನಲ್ ಒಂಚೂರೂ ಇಲ್ಲದವ್ರು ಮನೇಲಿದ್ದಷ್ಟು ಹೊತ್ತು ಹೀಗೇ ಇಟ್ರೂ ಆಗತ್ತೆ, ಫೋನ್ ಸುಮ್ನೆ ಟವರ್ ಹುಡುಕ್ತಾ ಬಿಸಿ ಆಗೋದು ತಪ್ಪತ್ತೆ, ಹೊರಗೆ ಹೊರಟಾಗ ಮಾತ್ರ ತೆಗೀಬೇಕು. ಹಾಗೇ ಒಂದು ಒಟಿಪಿ ತರಿಸಿ ನೋಡಿ, ಮೆಸೇಜ್ ಕೂಡ ತುಂಬಾ ಫೋನಲ್ಲಿ ವೈಫೈ ಮೇಲೇ ಬರತ್ತೆ, ಬರದ ಫೋನ್ ಇದ್ರೆ ಬ್ಯಾಂಕಿಗೆ ಇಮೇಲ್‌ನಲ್ಲೂ ಒಟಿಪಿ ಕಳ್ಸೋಕೆ ಆಗತ್ತಾ ಕೇಳಿ.

ವೈಫೈ ಇದ್ದೂ ಆನ್ ಆಗ್ತಿಲ್ಲ ಅಂದ್ರೆ ಮೊದಲು ಫೋನ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಆಮೇಲೂ ಇಲ್ಲ ಅಂದ್ರೆ ರೌಟರ್ ಕಡೆ ನೋಡ್ಬೇಕು, ಈ ಕಾಲ್‌ಗಳು ಯುಡಿಪಿ 500 ಮತ್ತು 4500 ಅನ್ನೋ ಎರಡು ಪೋರ್ಟ್ (ಇಂಟರ್ನೆಟ್ ಒಳಗಿನ ದಾರಿ) ಮೇಲೆ ಹೋಗತ್ತೆ, ಫೈಬರ್ ಕೊಟ್ಟೋರಿಗೆ ಫೋನ್ ಮಾಡಿ ಅದನ್ನ ತಡೆದಿದೀರಾ, ರೌಟರ್‌ನಲ್ಲಿ ಐಪಿಸೆಕ್ ಪಾಸ್‌ಥ್ರೂ ಆನ್ ಇದೆಯಾ ಅಂತ ಇದೇ ಮಾತಲ್ಲಿ ಕೇಳಿ, ಗೊತ್ತಿರೋ ಟೆಕ್ನಿಷಿಯನ್‌ಗೆ ಅರ್ಥ ಆಗತ್ತೆ. ಮಾತಾಡ್ತಾ ಅಂಗಳ ದಾಟಿ ತೋಟಕ್ಕೆ ಇಳಿದ್ರೆ ಕಾಲ್ ಕಟ್ ಆಗತ್ತೆ, ಯಾಕಂದ್ರೆ ಅಲ್ಲಿ ಹಿಡ್ಕೊಳ್ಳೋಕೆ ಟವರೇ ಇಲ್ಲ, ಅದು ನಿಮ್ಮ ಫೋನಿನ ದೋಷ ಅಲ್ಲ.

ಇಂಟರ್ನೆಟ್ ಎಲ್ಲಿಂದ ತರೋದು

ಫೈಬರ್ ಬರೋ ಹಾಗಿದ್ರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಬಿಎಸ್ಸೆನ್ನೆಲ್ ಫೈಬರ್ ಈಗ ಊರೂರಲ್ಲಿ ಲೋಕಲ್ ಕೇಬಲ್‌ನವ್ರ ಮೂಲಕವೇ ಕೊಡ್ತಾರೆ, ರಸ್ತೆಯಿಂದ ಮನೆ ಒಳಗಿದೆ ಅಂದ್ರೆ ಅಷ್ಟು ದೂರದ ಕೇಬಲ್ ಖರ್ಚು ನಿಮ್ಮದೇ ಆಗ್ಬಹುದು, ಅಕ್ಕಪಕ್ಕದ ನಾಕು ಮನೆ ಸೇರಿ ಕೇಳಿದ್ರೆ ಹಂಚಿ ಹೋಗತ್ತೆ, ಕೇಬಲ್‌ನವ್ರೂ ಮನಸ್ಸು ಮಾಡ್ತಾರೆ. ವಯಸ್ಸಾದ ಅಪ್ಪ ಅಮ್ಮ ಇರೋ ಮನೆಗೆ ಫೈಬರ್ ಜೊತೆ ಬರೋ ಲ್ಯಾಂಡ್‌ಲೈನ್ ನಂಬರನ್ನ ಬೇಡ ಅನ್ಬೇಡಿ, ಅದಕ್ಕೊಂದು ಕಾರ್ಡ್‌ಲೆಸ್ ಫೋನ್ ಹಾಕಿ ಮಲಗೋ ಮಂಚದ ಹತ್ರ ಇಟ್ರೆ ಸ್ಮಾರ್ಟ್‌ಫೋನ್ ತಲೆನೋವೇ ಇರಲ್ಲ. ನಂಗೆ ಕೇಳಿದ್ರೆ ಎಪ್ಪತ್ತು ದಾಟಿದವ್ರಿಗೆ ಇದಕ್ಕಿಂತ ಒಳ್ಳೇ ವ್ಯವಸ್ಥೆ ಇನ್ನೊಂದಿಲ್ಲ.

ಫೈಬರ್ ಬರಲ್ಲ, ಆದ್ರೆ ಮೆತ್ತಿನಲ್ಲೋ ಟೆರೇಸಲ್ಲೋ -105ರ ಒಳಗೆ ಸಿಗತ್ತೆ ಅಂದ್ರೆ ಅತಿ ಕಮ್ಮಿ ಖರ್ಚಿನ ದಾರಿ ಒಂದು ಹಳೇ ಫೋನ್. ಚೆನ್ನಾಗಿ ಸಿಗೋ ಕಂಪನಿಯ ಸಿಮ್ ಹಾಕಿ, ಆ ಜಾಗದಲ್ಲಿಟ್ಟು, ಹಾಟ್‌ಸ್ಪಾಟ್ ಆನ್ ಮಾಡಿ, ಕೆಳಗಿರೋ ಫೋನ್‌ಗಳನ್ನ ಅದಕ್ಕೆ ಕನೆಕ್ಟ್ ಮಾಡಿ ವೈಫೈ ಕಾಲಿಂಗ್ ಆನ್ ಮಾಡಿ. ಕೆಳಗಿನ ಫೋನಲ್ಲಿ ಬೇರೆ ಕಂಪನಿ ಸಿಮ್ ಇದ್ರೂ ನಡೆಯತ್ತೆ, ತುಂಬಾ ಜನಕ್ಕೆ ಇದು ಗೊತ್ತಿಲ್ಲ. ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲಿ ಇಡಿ, 5 ಗಿಗಾಹರ್ಟ್ಸ್ ಗೋಡೆ ದಾಟೋದ್ರಲ್ಲಿ ಬೇಗ ಸೋಲತ್ತೆ. ಹಳೇ ಫೋನನ್ನ ಹಗಲು ರಾತ್ರಿ ಚಾರ್ಜಿಗೆ ಹಾಕಿಟ್ರೆ ಬ್ಯಾಟರಿ ಉಬ್ಬತ್ತೆ, ಬಿಸಿಲು ತಗಡಿನ ಹತ್ರ ಇಟ್ರಂತೂ ಬೇಗ, ಅದಕ್ಕೆ ಇದನ್ನ ಕೆಲವು ದಿನ ಪರೀಕ್ಷೆಗೆ ಮಾಡಿ, ಅನುಕೂಲ ಅನ್ಸಿದ್ರೆ ಸಿಮ್ ಹಾಕೋ 4ಜಿ ರೌಟರ್ ತಗೊಳ್ಳಿ.

ರೌಟರ್ ತಗೊಳ್ಳೋವಾಗ ಹೊರಗಿನ ಆಂಟೆನಾ ಸಿಕ್ಕಿಸೋ ಪೋರ್ಟ್ ಇರೋದನ್ನ ಕೇಳಿ, ಎರಡು ಪೋರ್ಟ್ ಇದ್ರೆ ಒಳ್ಳೇದು. ಯಾವ್ಯಾವ ಬ್ಯಾಂಡ್ ಹಿಡಿಯತ್ತೆ ಅಂತ ಡಬ್ಬಿ ಮೇಲೆ ಓದಿ, ಭಾರತಕ್ಕೆ ಬ್ಯಾಂಡ್ 1, 3, 5, 8, 40 ಇರ್ಬೇಕು, ಬಿಎಸ್ಸೆನ್ನೆಲ್ ಆದ್ರೆ 28 ಕೂಡ. ಟವರ್ ಕಡೆ ಮುಖ ಮಾಡಿದ ಡೈರೆಕ್ಷನಲ್ ಆಂಟೆನಾ ಒಂದನ್ನ ಟೆರೇಸಿನ ಪೈಪಿಗೆ ಕಟ್ಟಿದ್ರೆ ಅಂಗಳದಲ್ಲೂ ಸರಿಯಾಗಿ ಸಿಗದ ಸಿಗ್ನಲ್ ಕೂಡ ಎಳ್ಕೊಳ್ಳತ್ತೆ, ಟವರ್ ಯಾವ ದಿಕ್ಕಲ್ಲಿದೆ ಅಂತ ತಿಳಿಯೋಕೆ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ವೆಬ್‌ಸೈಟಲ್ಲಿ ನಕ್ಷೆ ಇದೆ. ಆದ್ರೆ ಜನ ಒಂದು ಕಡೆ ಎಡವ್ತಾರೆ. ಆಂಟೆನಾ ಮೇಲೆ, ರೌಟರ್ ಕೆಳಗೆ ಹಾಲಲ್ಲಿ, ಮಧ್ಯ ಹತ್ತು ಹದಿನೈದು ಮೀಟರ್ ತೆಳು ಕೇಬಲ್, ಆಂಟೆನಾ ಕಷ್ಟಪಟ್ಟು ಹಿಡಿದಿದ್ದೆಲ್ಲ ಆ ಕೇಬಲ್ಲೇ ತಿಂದಾಕತ್ತೆ. ರೌಟರನ್ನೂ ಮೇಲೇ ಇಡಿ, ಆಂಟೆನಾ ಕೇಬಲ್ ಎರಡು ಮೂರು ಮೀಟರಿಗೆ ಮುಗೀಲಿ, ಅಲ್ಲಿಂದ ಕೆಳಗೆ ಲ್ಯಾನ್ ಕೇಬಲ್ ಎಳೀರಿ, ಅದು 100 ಮೀಟರ್ ತನಕ ಏನೂ ಕಳ್ಕೊಳ್ಳದೇ ಬರತ್ತೆ. ಕೆಳಗೆ ಒಂದು ಮಾಮೂಲಿ ವೈಫೈ ರೌಟರ್. ಮನೆ ಗುಂಡಿಯಲ್ಲಿದ್ದು ಮೇಲೆ ಗುಡ್ಡದ ಅಂಚಲ್ಲಿ ನಿಮ್ಮದೇ ಪಂಪ್‌ಹೌಸೋ ಕೊಟ್ಟಿಗೆಯೋ ಇದ್ರೆ ರೌಟರನ್ನ ಅಲ್ಲೇ ಇಟ್ಟು ಕೇಬಲ್ ಇಳಿಸೋದು ಇನ್ನೂ ಒಳ್ಳೇ ಉಪಾಯ.

ಇದ್ಯಾವ್ದೂ ಬೇಡ, ನಂಗೊಬ್ಬನಿಗೆ ಮಾತಾಡೋಕೆ ಆದ್ರೆ ಸಾಕು ಅನ್ನೋರು ಫೋನನ್ನ ಸಿಗ್ನಲ್ ಜಾಗದಲ್ಲೇ ಬಿಟ್ಟು ಕಿವಿಗೆ ಬ್ಲೂಟೂತ್ ಹಾಕ್ಕೊಳ್ಳಿ, ಹತ್ತು ಮೀಟರ್ ಒಳಗೆ ಓಡಾಡ್ಕೊಂಡು ಮಾತಾಡ್ಬಹುದು.

ಕರೆಂಟು, ಸಿಡಿಲು

ವೈಫೈ ಮೇಲೆ ನಂಬಿಕೆ ಇಟ್ಮೇಲೆ ಕರೆಂಟ್ ಹೋದಾಗ ಏನು ಅಂತ ಮೊದಲೇ ಯೋಚನೆ ಮಾಡ್ಬೇಕು, ನಮ್ಮ ಕಡೆ ಮಳೆಗಾಲದಲ್ಲಿ ದಿನಗಟ್ಟಲೆ ಇರಲ್ಲ. ರೌಟರಿಗೆ ಅಂತಾನೇ ಸಣ್ಣ ಮಿನಿ ಯುಪಿಎಸ್ ಸಿಗತ್ತೆ, ರೌಟರ್ ಹಿಂದೆ 12 ವೋಲ್ಟ್ ಇದೆಯಾ 9 ಇದೆಯಾ, ಎಷ್ಟು ಆಂಪಿಯರ್ ಅಂತ ನೋಡಿ ಅದಕ್ಕೆ ಸರಿ ಹೊಂದೋದೇ ತನ್ನಿ, ಫೈಬರ್ ಡಬ್ಬಿ ಬೇರೆ ರೌಟರ್ ಬೇರೆ ಇದ್ರೆ ಎರಡಕ್ಕೂ ಬೇಕು. ಇನ್ವರ್ಟರ್ ಇದ್ರೆ ಆ ಲೈನಿಗೇ ಕೊಡಿ. ಫೈಬರಿನ ಒಂದು ದೊಡ್ಡ ಗುಣ ಏನಂದ್ರೆ ದಾರಿ ಮಧ್ಯ ಅದಕ್ಕೆ ಕರೆಂಟ್ ಬೇಕಾಗಲ್ಲ, ಕೇಬಲ್‌ನವ್ರ ಆಫೀಸಲ್ಲಿ ಬ್ಯಾಟರಿ ಇದ್ದು ನಿಮ್ಮನೇಲಿ ಬ್ಯಾಟರಿ ಇದ್ರೆ ಊರಿನ ಟವರ್ ಸತ್ತು ಮಲಗಿದಾಗಲೂ ನಿಮ್ಮ ಫೋನ್ ನಡೆಯತ್ತೆ.

ಸಿಡಿಲಿನ ವಿಷಯದಲ್ಲಿ ಅಸಡ್ಡೆ ಮಾಡ್ಲೇಬೇಡಿ. ಏಪ್ರಿಲ್ ಮೇ ಗುಡುಗು ಮಳೆ, ಮತ್ತೆ ಅಕ್ಟೋಬರ್ ಸುಮಾರಿಗೆ, ಆಗ ಮಾಡಿನ ಮೇಲಿನ ಆಂಟೆನಾ, ಹೊರಗೆ ಎಳೆದ ಲ್ಯಾನ್ ಕೇಬಲ್ ಎರಡೂ ಅಪಾಯದ ದಾರಿ. ಆಂಟೆನಾ ಕಂಬಕ್ಕೆ ಎಲೆಕ್ಟ್ರಿಷಿಯನ್ ಹತ್ರ ಸರಿಯಾಗಿ ಅರ್ಥಿಂಗ್ ಮಾಡ್ಸಿ, ಸುತ್ತಲಿಗಿಂತ ಎತ್ತರಕ್ಕೆ ಕಂಬ ಏರಿಸ್ಬೇಡಿ, ಗುಡುಗು ಶುರು ಆಗೋ ಮುಂಚೆನೇ ಅಡಾಪ್ಟರ್ ಮತ್ತೆ ಲ್ಯಾನ್ ಕೇಬಲ್ ಎರಡನ್ನೂ ಕಿತ್ತಿಡಿ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಬರಲ್ಲ, ಆದ್ರೆ ಕೆಲವು ಕೇಬಲ್ ಜೊತೆ ಬಲಕ್ಕೆ ಅಂತ ಲೋಹದ ತಂತಿ ಇರತ್ತೆ, ಅಡಾಪ್ಟರ್ ಮೂಲಕ ಲೈನಿಂದನೂ ಬರತ್ತೆ. ಫೈಬರ್ ಇರೋ ಮನೇಲಿ ಫೋನ್ ಮಾಡ್ಲೇಬೇಕಾದ ಪರಿಸ್ಥಿತಿ ಬಂದ್ರೆ ರೌಟರನ್ನ ಮಿನಿ ಯುಪಿಎಸ್ ಮೇಲೆ ಬಿಟ್ಟು ಗೋಡೆಯ ಪ್ಲಗ್ ಮಾತ್ರ ತೆಗೀರಿ.

ಬೂಸ್ಟರ್ ಬಗ್ಗೆ

ಆನ್‌ಲೈನಲ್ಲಿ ಮೂರು ಸಾವಿರಕ್ಕೂ ಸಿಗತ್ತೆ, ಅಂಗಡಿಯವ್ರೂ ಹಾಕ್ಕೊಡ್ತೀನಿ ಅಂತಾರೆ. ನಮ್ಮ ದೇಶದಲ್ಲಿ ಮೊಬೈಲ್ ಸಿಗ್ನಲ್ ಬೂಸ್ಟರ್ ಅಥವಾ ರಿಪೀಟರ್‌ನ ಲೈಸೆನ್ಸ್ ಇರೋ ಟೆಲಿಕಾಂ ಕಂಪನಿ ಬಿಟ್ಟು ಬೇರೆ ಯಾರೂ ಇಟ್ಕೊಳ್ಳೋದು, ಮಾರೋದು, ಬಳಸೋದು ಕಾನೂನುಬಾಹಿರ, 2022ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಇದನ್ನ ಮತ್ತೆ ಸ್ಪಷ್ಟವಾಗಿ ಹೇಳಿದೆ. ಕಾರಣನೂ ಇದೆ. ಅಗ್ಗದ ಬೂಸ್ಟರ್ ಸಿಗ್ನಲ್ ಜೊತೆ ಗದ್ದಲನೂ ದೊಡ್ಡದು ಮಾಡಿ ಟವರ್ ಕಡೆ ಎಸೆಯತ್ತೆ, ದೇವಸ್ಥಾನದ ಮೈಕ್ ಸ್ಪೀಕರ್ ಹತ್ರ ಹೋದ್ರೆ ಕುಯ್ ಅನ್ನತ್ತಲ್ಲ ಹಾಗೆ ಒಳಗಿನ ಆಂಟೆನಾ ಹೊರಗಿನದು ಒಂದನ್ನೊಂದು ಕೇಳಿಸ್ಕೊಂಡು ಕಿರುಚೋಕೆ ಶುರು ಮಾಡತ್ತೆ, ಆಗ ನಿಮ್ಮ ಮನೇಲಿ ನಾಕು ಕಡ್ಡಿ ಕಂಡ್ರೂ ಆ ಟವರ್ ನಂಬಿರೋ ಇಡೀ ಊರಿನ ಕಾಲ್ ಕೆಡತ್ತೆ. ಮೊದಲೇ ಒಂದೇ ಟವರ್ ಇರೋ ಕಡೆ ಇದು ಅಕ್ಕಪಕ್ಕದವ್ರಿಗೆ ಮಾಡೋ ದೊಡ್ಡ ಅನ್ಯಾಯ.

ಅಮೇರಿಕದಲ್ಲಿರೋ ಮಗ, ಅಳಿಯ ಅಲ್ಲಿಂದ ತಂದ್ಕೊಡೋದೂ ಉಂಟು. ಅಲ್ಲಿ ಸರ್ಕಾರ ಒಪ್ಪಿದ ಮಾಡೆಲ್ ಬಳಸೋಕೆ ಅವಕಾಶ ಇದೆ, ಕಂಪನಿಯಲ್ಲಿ ನೋಂದಾಯಿಸ್ಬೇಕು ಅಷ್ಟೇ. ಆದ್ರೆ ಅಲ್ಲಿಯ ಬ್ಯಾಂಡ್ ಬೇರೆ, ನಮ್ಮ 1800, 2300 ಎಲ್ಲ ಅದಕ್ಕೆ ಕಾಣೋದೇ ಇಲ್ಲ. ಪ್ರೀತಿಯಿಂದ ತರೋ ಮನಸ್ಸಿದ್ರೆ ಅದೇ ದುಡ್ಡಲ್ಲಿ ಫೈಬರಿನ ಕೇಬಲ್ ಖರ್ಚು ಕೊಡಿ ಅಂತ ಹೇಳಿ. ಮೇಲೆ ಹೇಳಿದ ಸಿಮ್ ರೌಟರ್ ಮತ್ತೆ ಆಂಟೆನಾ ಬೂಸ್ಟರ್ ಲೆಕ್ಕಕ್ಕೆ ಬರಲ್ಲ, ಅದು ಟವರಿಗೆ ಇನ್ನೊಂದು ಫೋನ್ ಥರಾನೇ ಕಾಣತ್ತೆ. ಫೋನ್ ಹಿಂದೆ ಅಂಟಿಸೋ ಸ್ಟಿಕ್ಕರ್ ಮಾರ್ತಾರಲ್ಲ, ಅದರಿಂದ ಏನೂ ಆಗಲ್ಲ.

ಅಪಾರ್ಟ್‌ಮೆಂಟ್‌ನವ್ರಿಗೆ

ಬೆಂಗಳೂರಲ್ಲಿ ಗ್ರೌಂಡ್ ಫ್ಲೋರ್, ಬೇಸ್‌ಮೆಂಟ್, ಲಿಫ್ಟ್ ಇದೇ ಗೋಳು. ಮನೆ ಒಳಗಿಗೆ ವೈಫೈ ಕಾಲಿಂಗ್ ಸಾಕು. ಇಡೀ ಕಟ್ಟಡಕ್ಕೆ ಬೇಕು ಅಂದ್ರೆ ಅಸೋಸಿಯೇಷನ್ ಕಡೆಯಿಂದ ಟೆಲಿಕಾಂ ಕಂಪನಿಗಳಿಗೆ ಬರೆದು ಇನ್-ಬಿಲ್ಡಿಂಗ್ ಸಿಸ್ಟಮ್ (ಕಟ್ಟಡದ ಒಳಗೇ ಸಿಗ್ನಲ್ ಕೊಡೋ ಸಣ್ಣ ಆಂಟೆನಾಗಳ ವ್ಯವಸ್ಥೆ) ಹಾಕ್ಸಿ ಅಂತ ಕೇಳಿ, ಅದು ಕಂಪನಿಯವ್ರೇ ಹಾಕೋದ್ರಿಂದ ಕಾನೂನಿನ ತೊಡಕಿಲ್ಲ. ಹೊಸ ಮನೆ ಬಾಡಿಗೆಗೆ ನೋಡೋವಾಗ ಮಲಗೋ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಒಂದು ಕಾಲ್ ಮಾಡಿ ನೋಡಿ ಅಡ್ವಾನ್ಸ್ ಕೊಡಿ. 2024ರಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಕಟ್ಟಡಗಳಿಗೆ ಡಿಜಿಟಲ್ ಕನೆಕ್ಟಿವಿಟಿ ರೇಟಿಂಗ್ ಕೊಡೋ ನಿಯಮ ತಂದಿದೆ, ಫ್ಲಾಟ್ ಕೊಳ್ಳೋರು ಬಿಲ್ಡರ್ ಹತ್ರ ಅದನ್ನೂ ಕೇಳೋ ಅಭ್ಯಾಸ ಮಾಡ್ಕೊಳ್ಬೇಕು.

ಹೊರಗೂ ಸಿಗ್ನಲ್ ಇಲ್ಲ ಅಂದ್ರೆ

ಆಗ ದೂರು ಕೊಡ್ಲೇಬೇಕು, ಬಾಯಲ್ಲಿ ಬೈಕೊಂಡ್ರೆ ಯಾರಿಗೂ ದಾಖಲೆ ಸಿಗಲ್ಲ. ನಿಮ್ಮ ಸಿಮ್ಮಿಂದ 198ಕ್ಕೆ ಫೋನ್ ಮಾಡಿ, ದುಡ್ಡು ಹೋಗಲ್ಲ, ಡಾಕೆಟ್ ನಂಬರ್ (ನಿಮ್ಮ ದೂರಿನ ದಾಖಲೆ ನಂಬರ್) ಕೇಳಿ ಬರ್ಕೊಳ್ಳಿ. ಉತ್ತರ ಸರಿ ಇಲ್ಲ ಅಂದ್ರೆ 30 ದಿನದೊಳಗೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕ್ಬಹುದು, ಅದಕ್ಕೂ ಶುಲ್ಕ ಇಲ್ಲ, ಅವ್ರು 39 ದಿನದಲ್ಲಿ ತೀರ್ಮಾನ ಕೊಡ್ಬೇಕು. ಕಂಪನಿಗಳು ಎಲ್ಲೆಲ್ಲಿ ನೆಟ್‌ವರ್ಕ್ ಇದೆ ಅಂತ ತಮ್ಮ ವೆಬ್‌ಸೈಟಲ್ಲಿ ನಕ್ಷೆ ಹಾಕ್ಬೇಕು ಅಂತ ಟ್ರಾಯ್ ನಿಯಮ ಇದೆ, ಅದರಲ್ಲಿ ನಿಮ್ಮೂರು ಬಣ್ಣ ಹಚ್ಚಿದ್ದು ಕಂಡು, ನಿಮ್ಮ ಅಂಗಳದಲ್ಲಿ -120 ಇದ್ರೆ ಆ ನಕ್ಷೆ ಮತ್ತೆ ನಿಮ್ಮ ಅಳತೆ ಎರಡರದ್ದೂ ಸ್ಕ್ರೀನ್‌ಶಾಟ್ ಜೊತೆಗೆ ಹಾಕಿ. ಕೇರಿಯ ಪ್ರತಿ ಮನೆಯಿಂದ ಒಂದೊಂದು ಡಾಕೆಟ್ ನಂಬರ್ ಇರೋ ಪಟ್ಟಿ ಮಾಡಿ ಗ್ರಾಮ ಪಂಚಾಯ್ತಿಗೂ ಸಂಸದರ ಕಚೇರಿಗೂ ಕೊಟ್ರೆ ಅದಕ್ಕಿರೋ ತೂಕ ಒಬ್ಬರ ಅರ್ಜಿಗೆ ಇರಲ್ಲ.

ಟವರ್ ಮಂಜೂರಾಗಿ ಬಂದಾಗ ರೇಡಿಯೇಷನ್ ಅಂತ ಜಾಗ ಕೊಡದೇ ತಿರುಗಿಸಿ ಕಳ್ಸೋದೂ ನಡೀತಿದೆ. ನಮ್ಮ ದೇಶದಲ್ಲಿ ಟವರಿನ ವಿಕಿರಣದ ಮಿತಿನ 2012ರ ಸೆಪ್ಟೆಂಬರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದಾರೆ. ಟವರ್ ದೂರ ಇದ್ದಷ್ಟೂ ಕಿವಿ ಹತ್ರ ಹಿಡ್ಕೊಂಡಿರೋ ಫೋನ್ ತನ್ನ ಪೂರ್ತಿ ಶಕ್ತಿ ಹಾಕಿ ಕೂಗ್ಬೇಕಾಗತ್ತೆ, ಹತ್ರ ಬಂದಷ್ಟೂ ಅದು ಮೆತ್ತಗೆ ಮಾತಾಡಿದ್ರೆ ಸಾಕು. ಅನುಮಾನ ಇದ್ದೋರು ತರಂಗ್ ಸಂಚಾರ್‌ನಲ್ಲೇ ಶುಲ್ಕ ಕಟ್ಟಿ ತಮ್ಮ ಜಾಗದಲ್ಲಿ ಅಳತೆ ಮಾಡ್ಸೋಕೆ ಅರ್ಜಿ ಹಾಕ್ಬಹುದು, ಆ ರಿಪೋರ್ಟ್ ಕೈಗೆ ಬಂದ್ಮೇಲೆ ಊರವ್ರೆಲ್ಲ ಕೂತು ಜಾಗದ ತೀರ್ಮಾನ ಮಾಡ್ಬಹುದು.